ಬೇರಿಂಗ್ ಸೊನ್ನೆ, ಆಯಿಲ್ ಸೀಲ್ 640

ಸೋಮವಾರದ ರಿವ್ಯೂ ಮೀಟಿಂಗ್‌ನಲ್ಲಿ ನಾನು ಆಡಿದ ಒಂದು ಮಾತು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. "ಫೈಲ್ ಸುಳ್ಳು ಹೇಳುವುದಿಲ್ಲ" ಎಂದಿದ್ದೆ. ಅದೂ ಇಪ್ಪತ್ತು ವರ್ಷಗಳಿಂದ ಸ್ಟೋರ್ಸ್ ನೋಡಿಕೊಂಡು ಬಂದವರ ಮುಖಕ್ಕೇ.

ಸ್ಟೋರ್ಸ್‌ನವರದು ಸ್ಟಾಕ್ ಫೈಲ್, ನನ್ನದು ಅದರಿಂದ ಅಂಕಿ ಎಳೆದುಕೊಳ್ಳುವ ಸಮರಿ ಫೈಲ್, ಎರಡೂ ಎಕ್ಸೆಲ್‌ನವು. ಅವರ ಶೀಟಿನಲ್ಲಿ 5ನೇ ಸಾಲಿನಿಂದ 39ರವರೆಗೆ 35 ಐಟಂಗಳು, ಡಿ ಕಾಲಂನಲ್ಲಿ ಕೈಯಲ್ಲಿರುವ ಸ್ಟಾಕ್. ನಾನು ಹೆಸರುಗಳನ್ನೆಲ್ಲ ನನ್ನ ಶೀಟಿಗೆ ಒಮ್ಮೆ ಅಂಟಿಸಿಕೊಂಡೆ. ಪಕ್ಕದ ಸೆಲ್‌ನಲ್ಲಿ ಸಮ ಚಿಹ್ನೆ ಹಾಕಿ, ಅವರ ಫೈಲಿನ ಡಿ5 ಒತ್ತಿ, ವಿಳಾಸವನ್ನು ಡಿ5ಕ್ಕೇ ಕಟ್ಟಿಹಾಕುವ ಡಾಲರ್ ಚಿಹ್ನೆಗಳನ್ನು ತೆಗೆದು ಕೆಳಗೆ ಎಳೆದೆ. ಐದು ನಿಮಿಷದ ಕೆಲಸ. ಪರೀಕ್ಷೆ ಮಾಡದೆ ಬಿಟ್ಟವನೂ ಅಲ್ಲ ನಾನು. ಎರಡೂ ಫೈಲ್ ತೆರೆದಿಟ್ಟುಕೊಂಡು ಅವರ ಶೀಟಿನ ನಡುವೆ ಒಂದು ಸಾಲು ಸೇರಿಸಿ ನೋಡಿದೆ. ನನ್ನ ಕಡೆ ಡಿ9 ಇದ್ದದ್ದು ತಾನಾಗಿಯೇ ಡಿ10 ಆಯಿತು. ಎಕ್ಸೆಲ್ ಎಷ್ಟು ಜಾಣ ಎಂದುಕೊಂಡು ಆ ಸಾಲನ್ನು ಅಳಿಸಿದೆ.

ಶುಕ್ರವಾರ ಸಂಜೆ ಸ್ಟೋರ್ಸ್‌ನವರು ಹೊಸ ಐಟಂ ಒಂದನ್ನು 9ನೇ ಸಾಲಿನಲ್ಲಿ ತೂರಿಸಿದ್ದರು. ಮಾಲು ಇನ್ನೂ ಬಂದಿರಲಿಲ್ಲವಾದ್ದರಿಂದ ಸ್ಟಾಕ್ ಸೊನ್ನೆ. ಆಗ ನನ್ನ ಫೈಲ್ ಮುಚ್ಚಿತ್ತು, ನಾನು ಮನೆಯಲ್ಲಿದ್ದೆ. ಸೋಮವಾರ ಬೆಳಿಗ್ಗೆ ತೆರೆದಾಗ ಲಿಂಕ್ ಅಪ್‌ಡೇಟ್ ಮಾಡಬೇಕೇ ಎಂಬ ಎಂದಿನ ಪ್ರಶ್ನೆ ಬಂತು. ಎಂದಿನಂತೆ ಓದದೆಯೇ ಒತ್ತಿದೆ.

ಒಟ್ಟು ತಾಳೆ ನೋಡುವ ಅಭ್ಯಾಸವಿದೆ. ಅವರ ಒಟ್ಟು 4,812, ನನ್ನದು 4,800. ಈ ಹನ್ನೆರಡನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾರೋ ಬೆಳಿಗ್ಗೆ ರಿಟರ್ನ್ ಎಂಟ್ರಿ ಹಾಕಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಪರ್ಚೇಸ್‌ಗೆ ಮೇಲ್ ಕಳಿಸಿದೆ. ವ್ಯತ್ಯಾಸ ಸಾವಿರವಾಗಿದ್ದರೆ ಕುರ್ಚಿಯಿಂದ ಎದ್ದಿರುತ್ತಿದ್ದೆ. ಹನ್ನೆರಡಕ್ಕೆ ಯಾರು ಏಳುತ್ತಾರೆ?

ಮೀಟಿಂಗ್ ಹೊತ್ತಿಗೆ ಪರ್ಚೇಸ್‌ನವರು ಬೇರಿಂಗ್‌ಗೆ ಅರ್ಜೆಂಟ್ ಇಂಡೆಂಟ್ (ಖರೀದಿ ಬೇಡಿಕೆ) ಎತ್ತಿದ್ದರು, ಆಯಿಲ್ ಸೀಲ್ ಆರ್ಡರ್ ತಡೆಹಿಡಿದಿದ್ದರು. ಮ್ಯಾನೇಜರ್ ಸ್ಟೋರ್ಸ್‌ನವರ ಕಡೆ ತಿರುಗಿ, ಬೇರಿಂಗ್ ಖಾಲಿಯಾಗುವವರೆಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

"ಖಾಲಿ ಎಲ್ಲಿ ಸರ್? ಶನಿವಾರ ನಾನೇ ಎಣಿಸಿದ್ದೇನೆ. 640 ಇವೆ."

ಆಗ ನಾನು ಬಾಯಿ ಹಾಕಿದೆ. ಅವರು ಉತ್ತರಿಸಲಿಲ್ಲ. "ಹಾಗಾದರೆ ಫೈಲನ್ನೇ ತೋರಿಸಿ" ಎಂದಷ್ಟೇ ಹೇಳಿದರು.

ಪ್ರೊಜೆಕ್ಟರ್‌ನಲ್ಲಿ ನನ್ನ ಶೀಟ್ ತೆರೆಯಿತು. ಬೇರಿಂಗ್ 0. ಅದರ ಕೆಳಗೆ ಆಯಿಲ್ ಸೀಲ್ 640. ಆ ಸಂಖ್ಯೆ ಕಂಡ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಬೇರಿಂಗ್‌ನ ಸೆಲ್ ಮೇಲೆ ಕ್ಲಿಕ್ ಮಾಡಿದೆ. ಫಾರ್ಮುಲಾ ಡಿ9 ಎನ್ನುತ್ತಿತ್ತು. ಅವರ ಫೈಲ್ ತೆರೆದೆ. ಡಿ9ರ ಎದುರು ನಾನೆಂದೂ ಕೇಳದ ಹೊಸ ಐಟಂ. ಬೇರಿಂಗ್ ಡಿ10ಕ್ಕೆ ಇಳಿದಿತ್ತು, ಅದರ ಹಿಂದೆಯೇ ಉಳಿದವೆಲ್ಲ ಒಂದೊಂದು ಸಾಲು ಜಾರಿದ್ದವು. ಕೊನೆಯ ಐಟಂ 40ನೇ ಸಾಲಿಗೆ ಹೋಗಿ ನನ್ನ ಲೆಕ್ಕದಿಂದಲೇ ಹೊರಬಿದ್ದಿತ್ತು. ಅದರ ಸ್ಟಾಕ್ ಎಷ್ಟು? ಹನ್ನೆರಡು.

ಕೋಣೆಯಲ್ಲಿ ಎಸಿ ಸದ್ದು ಬಿಟ್ಟರೆ ಮತ್ತೊಂದಿಲ್ಲ. 35ರಲ್ಲಿ 31 ಐಟಂಗಳ ಎದುರು ಪಕ್ಕದ ಮನೆಯ ಅಂಕಿ ಕೂತಿತ್ತು. ಒಂದೇ ಒಂದು ಸೆಲ್ ಕೂಡ ಎರರ್ ತೋರಿಸಿರಲಿಲ್ಲ. ತೋರಿಸುವ ಕಾರಣವೂ ಇರಲಿಲ್ಲ, ಡಿ9 ಕೇಳಿದ್ದೆ, ಡಿ9 ಕೊಟ್ಟಿತ್ತು. ಒಂದೇ ಫೈಲಿನ ಎರಡು ಶೀಟ್‌ಗಳಾಗಿದ್ದರೆ ಸಾಲು ಸೇರಿದಾಗ ವಿಳಾಸವೂ ಬದಲಾಗುತ್ತಿತ್ತು. ಬೇರೆ ಫೈಲ್ ಆದರೆ ಎರಡೂ ತೆರೆದಿರುವಾಗ ಮಾತ್ರ ಆ ಸೌಲಭ್ಯ. ನಾನು ಪರೀಕ್ಷಿಸಿದ್ದು ಸರಿಯಾಗಿ ಆ ಒಂದು ಸಂದರ್ಭವನ್ನೇ. ಇನ್ನು ಸಾರ್ಟ್ ಮಾಡಿದರಂತೂ ಒಂದೇ ಫೈಲಿನೊಳಗೂ ಉಳಿಗಾಲವಿಲ್ಲ. ಡೇಟಾ ಜಾಗ ಬಿಡುತ್ತದೆ, ಲಿಂಕ್ ಹಳೆಯ ಸೆಲ್‌ಗೇ ಜೋತುಬಿದ್ದಿರುತ್ತದೆ.

ಅಂದೇ ಸಂಜೆ ಸಾಲಿನ ವಿಳಾಸದ ಬದಲು ಐಟಂ ಕೋಡ್ ಹಿಡಿದು ಹುಡುಕುವಂತೆ ವಿಲುಕಪ್ ಎಂಬ ಎಕ್ಸೆಲ್ ಫಾರ್ಮುಲಾ ಬರೆಯಲು ಕುಳಿತೆ. ಅವಸರದಲ್ಲಿ, ಕೋಡ್ ನಿಖರವಾಗಿ ಹೊಂದಲೇಬೇಕು ಎನ್ನುವ ಕೊನೆಯ ಫಾಲ್ಸ್ ಬಿಟ್ಟೆ. ಅದಿಲ್ಲದಿದ್ದರೆ ವಿಲುಕಪ್ ಕಾಲಂ ಏರಿಕೆ ಕ್ರಮದಲ್ಲಿದೆ ಎಂದು ನಂಬಿ ಹತ್ತಿರದ್ದನ್ನು ಎತ್ತಿಕೊಡುತ್ತದೆ. ಮತ್ತೆ ಚಂದದ, ತಪ್ಪು ಅಂಕಿಗಳು. ಫಾಲ್ಸ್ ಹಾಕಿದ ಮೇಲೆ ಎಂಟು ಸಾಲುಗಳಲ್ಲಿ ಎನ್‌ಎ, ಅಂದರೆ ಕೋಡ್ ಸಿಗಲಿಲ್ಲ ಎಂಬ ಎರರ್, ಬಂತು. ಅವರ ಕಡೆ 00417 ಪಠ್ಯವಾಗಿತ್ತು, ನನ್ನ ಕಡೆ 417 ಸಂಖ್ಯೆ. ಪಕ್ಕದ ಮೇಜಿನವರು ಇಣುಕಿ, "ಇಫ್‌ಎರರ್ ಹಾಕಿ ಎರರ್ ಇದ್ದಲ್ಲೆಲ್ಲ ಸೊನ್ನೆ ಮಾಡಿಬಿಡಿ, ನೋಡಲು ಅಚ್ಚುಕಟ್ಟಾಗಿರುತ್ತದೆ" ಎಂದರು. ಆ ದಿನ ನನಗೆ ಸೊನ್ನೆ ಎಂಬ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಕೋಡ್‌ಗಳನ್ನು ಸರಿಪಡಿಸಿದೆ. ಈಗ ಎನ್‌ಎ ಬಂದರೆ ಹಾಗೆಯೇ ಬಿಡುತ್ತೇನೆ, ಬಂದ ದಿನ ಫೋನ್ ಎತ್ತುತ್ತೇನೆ. ಅವರ ಪಟ್ಟಿಯಲ್ಲಿದ್ದು ನನ್ನಲ್ಲಿ ಇಲ್ಲದ ಕೋಡ್‌ಗಳನ್ನು ಎಣಿಸಲು ಒಂದು ಕಾಲಂ ಇಟ್ಟಿದ್ದೇನೆ. ಒಟ್ಟಿನಲ್ಲಿ ಒಂದು ನಟ್ಟು ಹೆಚ್ಚುಕಮ್ಮಿಯಾದರೂ ಮೇಲ್ ಹೋಗುವುದಿಲ್ಲ.

ಒಂದೇ ಕಡೆ ಎಂಟ್ರಿಯಾಗುವ ಸಾಫ್ಟ್‌ವೇರ್ ಬೇಕೆಂದು ಎರಡು ವರ್ಷಗಳಿಂದ ಕೇಳುತ್ತಿದ್ದೇವೆ. ಈ ಪ್ರಕರಣದ ನಂತರ ಮ್ಯಾನೇಜ್‌ಮೆಂಟ್ ಕ್ರಮ ಕೈಗೊಂಡಿತು. ಸಮರಿ ಶೀಟಿಗೆ ಹೊಸ ಟೆಂಪ್ಲೇಟ್ ಬಂತು, ಹೆಡರ್ ನೀಲಿ ಬಣ್ಣದ್ದು.

ಸ್ಟೋರ್ಸ್‌ನವರಲ್ಲಿ ಅಂದೇ ಕ್ಷಮೆ ಕೇಳಿದೆ. "ಹೋಗಲಿ ಬಿಡಿ" ಎಂದರು. ಬಿಟ್ಟಿಲ್ಲ. ಹೊಸ ಸಾಲು ಸೇರಿಸುವಾಗಲೆಲ್ಲ ಇಂಟರ್‌ಕಾಮ್‌ನಲ್ಲಿ ಕರೆದು ಕೇಳುತ್ತಾರೆ: "ಒಂದು ಸಾಲು ಹಾಕುತ್ತಿದ್ದೇನೆ. ನಿಮ್ಮ ಫೈಲ್ ಏನನ್ನುತ್ತದೆಯಂತೆ?"