ಮ್ಯಾಕ್ರೋ ಕೈಕೊಟ್ಟಾಗ ಕೋಡ್ ತಿದ್ದುವ ಮೊದಲು

ನಮ್ಮ ಆಫೀಸಿನ ಎಕ್ಸೆಲ್ ಸ್ಟಾಕ್ ಶೀಟ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರಮಾಣದ ಕಾಲಂನಲ್ಲಿ ಅಂಕಿ ಹಾಕಿದರೆ ಪಕ್ಕದಲ್ಲಿ ತಾರೀಖು ತಾನಾಗಿ ಬೀಳಬೇಕು. ಅದಕ್ಕೊಂದು ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಸಣ್ಣ ಕೋಡ್, ಇದೆ. ಒಬ್ಬ ಸಹೋದ್ಯೋಗಿಯ ಕಂಪ್ಯೂಟರ್‌ನಲ್ಲಿ ಅದು ನಿಂತುಹೋಯಿತು. ಎರರ್ ಇಲ್ಲ, ಏನೂ ಇಲ್ಲ. ಸುಮ್ನೆ ಕೂತಿದೆ. ಅದೇ ಫೈಲ್ ನನ್ನಲ್ಲಿ ಸಲೀಸಾಗಿ ಓಡುತ್ತದೆ. ಅಂದಮೇಲೆ ತೊಂದರೆ ಫೈಲಿನದ್ದಲ್ಲ, ಅಲ್ವಾ?

ಅವರ ಕಂಪ್ಯೂಟರ್‌ನಲ್ಲಿ ಆಲ್ಟ್ ಎಫ್11 ಒತ್ತಿ ಮ್ಯಾಕ್ರೋ ಕೋಡ್‌ನ ಎಡಿಟರ್ ತೆರೆದು, ಕಂಟ್ರೋಲ್ ಜಿ ಒತ್ತಿದೆ. ಕೆಳಗೆ ತೆರೆದ ಇಮ್ಮೀಡಿಯೆಟ್ ವಿಂಡೋದಲ್ಲಿ ಪ್ರಶ್ನೆ ಚಿಹ್ನೆ ಹಾಕಿ 'ಅಪ್ಲಿಕೇಶನ್ ಡಾಟ್ ಎನೇಬಲ್‌ಈವೆಂಟ್ಸ್' ಎಂದು ಟೈಪ್ ಮಾಡಿ ಎಂಟರ್ ಕೊಟ್ಟೆ. ಉತ್ತರ: ಫಾಲ್ಸ್. ಅಂದರೆ ಅಂಕಿ ಹಾಕುವಂಥ ಘಟನೆ (ಈವೆಂಟ್) ನಡೆದಾಗ ತಾನಾಗಿ ಓಡುವ ಮ್ಯಾಕ್ರೋಗಳು ಆಫ್ ಆಗಿವೆ. ಆ ಸೆಟ್ಟಿಂಗನ್ನು ಟ್ರೂ ಮಾಡಿ ಮತ್ತೆ ಅಂಕಿ ಹಾಕಿದ ಕೂಡಲೇ ತಾರೀಖು ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಫಾಲ್ಸ್.

ಈ ಸೆಟ್ಟಿಂಗ್ ಒಂದು ಫೈಲಿಗೆ ಸೇರಿದ್ದಲ್ಲ, ತೆರೆದಿರುವ ಇಡೀ ಎಕ್ಸೆಲ್‌ಗೆ ಒಂದೇ. ಮನೆಯ ಮೇನ್ ಸ್ವಿಚ್ ಇದ್ದ ಹಾಗೆ. ಯಾವ ಆಡ್-ಇನ್ (ಎಕ್ಸೆಲ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂ) ಬೇಕಾದರೂ ಅದನ್ನು ಆಫ್ ಮಾಡಬಹುದು. ಮತ್ತೆ ಹಾಕುವ ಮೊದಲೇ ಅದು ನಡುವೆ ಎರರ್ ಬಂದು ನಿಂತರೆ, ಉಳಿದವರೆಲ್ಲರ ಈವೆಂಟ್ ಮ್ಯಾಕ್ರೋಗಳೂ ಮಲಗಿಬಿಡುತ್ತವೆ.

ಯಾವುದು ಹಾಗೆ ಮಾಡುತ್ತಿದೆ ಎಂದು ಹುಡುಕಲು ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ. ಕೆಳಗಿನ 'ಮ್ಯಾನೇಜ್' ಪಟ್ಟಿಯಲ್ಲಿ ಎಕ್ಸೆಲ್ ಆಡ್-ಇನ್ಸ್ ಬೇರೆ, ಕಾಮ್ (COM) ಎಂಬ ಇನ್ನೊಂದು ಬಗೆಯ ಆಡ್-ಇನ್ಸ್ ಬೇರೆ. ಜಾಸ್ತಿ ಜನ ಮೊದಲನೆಯದನ್ನು ಮಾತ್ರ ನೋಡಿ ಬಂದುಬಿಡುತ್ತಾರೆ. ಎರಡನ್ನೂ ನೋಡಿ. ಅರ್ಧದಷ್ಟು ಟಿಕ್ ತೆಗೆಯಿರಿ, ಎಕ್ಸೆಲ್ ಮುಚ್ಚಿ ತೆರೆಯಿರಿ, ಅದೇ ಕೆಲಸ ಮಾಡಿ ನೋಡಿ. ಸರಿಹೋದರೆ ಕಾರಣ ತೆಗೆದ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿ. ಆ ಅರ್ಧವನ್ನೂ ಹೀಗೇ ಭಾಗ ಮಾಡುತ್ತಾ ಹೋಗಿ. ನಮ್ಮಲ್ಲಿ ಸಿಕ್ಕಿದ್ದು ರಿಪೋರ್ಟ್ ತರುವ ಒಂದು ಆಡ್-ಇನ್. ನೆಟ್‌ವರ್ಕ್ ಕಡಿದಾಗಲೆಲ್ಲ ಅದು ಅರ್ಧಕ್ಕೇ ನಿಲ್ಲುತ್ತಿತ್ತು.

ಇನ್ನೊಂದು ಬಗೆಯೂ ಉಂಟು. ಆಡ್-ಇನ್ ತೆಗೆದುಹಾಕಿದ ಮೇಲೆ 'ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ' ಎಂಬ ಎರರ್ ಬರಬಹುದು. ಅದು ಬೆಟ್ಟು ಮಾಡುವುದು ಲೆಫ್ಟ್, ಡೇಟ್‌ನಂಥ ಪಾಪದ ಫಂಕ್ಷನ್‌ಗಳನ್ನು! ಅವನ್ನು ಮುಟ್ಟಬೇಡಿ. ಅದೇ ಕೋಡ್ ಎಡಿಟರ್‌ನಲ್ಲಿ ಟೂಲ್ಸ್, ರೆಫರೆನ್ಸಸ್ ತೆರೆದು 'ಮಿಸ್ಸಿಂಗ್' ಎಂದಿರುವ ಸಾಲು ನೋಡಿ. ನಿಮ್ಮ ಕೋಡ್‌ಗೆ ಅದು ಬೇಡವಾಗಿದ್ದರೆ ಟಿಕ್ ತೆಗೆಯಿರಿ. ರೆಫರೆನ್ಸಸ್ ಮಂಕಾಗಿ, ಒತ್ತಲು ಬರದಿದ್ದರೆ ಮ್ಯಾಕ್ರೋ ಇನ್ನೂ ನಡುವೆ ನಿಂತಿದೆ ಎಂದರ್ಥ, ರೀಸೆಟ್ ಒತ್ತಿ.

ಆಡ್-ಇನ್ ಬರೆಯುವವರಲ್ಲಿ ನನ್ನದೊಂದು ಕಳಕಳಿಯ ಮನವಿ. ಎರರ್ ಬಂದಾಗ ಹೊರಡುವ ದಾರಿಯಲ್ಲೂ ಈವೆಂಟ್ಸ್ ಮತ್ತು ಕ್ಯಾಲ್ಕ್ಯುಲೇಶನ್ (ಸೂತ್ರಗಳ ಲೆಕ್ಕದ ಸೆಟ್ಟಿಂಗ್) ಎರಡನ್ನೂ ಮೊದಲು ಹೇಗಿದ್ದವೋ ಹಾಗೇ ಇಟ್ಟು ಹೋಗಿ.