ಬಾಗಿಲು ತೆಗೆದಿಟ್ಟು ಮಲಗುತ್ತಿದ್ದರಂತೆ

ಇವತ್ತು ನ್ಯೂಯಾರ್ಕ್‌ನ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಕಟಿಂಗ್‌ಗೆ ಕೂತಿದ್ದೆ. ಟಿವಿಯಲ್ಲಿ ಯಾವುದೋ ಕಳ್ಳತನದ ಸುದ್ದಿ. ಪಕ್ಕದ ಕುರ್ಚಿಯ ಡೊಮಿನಿಕನ್ ಅಜ್ಜ ಸುಮ್ನೆ ಅಂದುಬಿಟ್ಟರು: ‘ಟ್ರುಹಿಯೊ ಇದ್ದಾಗ ನಾವು ಬಾಗಿಲು ತೆಗೆದಿಟ್ಟೇ ಮಲಗುತ್ತಿದ್ದೆವು.’

ಡೊಮಿನಿಕನ್ ರಿಪಬ್ಲಿಕ್‌ನ ಸರ್ವಾಧಿಕಾರಿಯಾಗಿದ್ದ ಟ್ರುಹಿಯೊ ಹೆಸರು ಕೇಳಿಯೂ ಯಾರೂ ಬೆಚ್ಚಿಬೀಳಲಿಲ್ಲ. ದಿನಾ ಕೇಳೋ ಮಾತು ಇರಬೇಕು. ಎಮರ್ಜೆನ್ಸಿಯಲ್ಲಿ ರೈಲು ಟೈಮಿಗೆ ಬರುತ್ತಿತ್ತು ಅನ್ನುವ ನಮ್ಮ ಕಡೆಯ ಹಿರಿಯರು ನೆನಪಾದರು.

ಇರಬಹುದು, ಕಳ್ಳರ ಕಾಟ ಇರಲಿಲ್ಲವೇನೋ. 1930ರಿಂದ 1961ರವರೆಗೆ ಹೆದರಿಸುವ ಗುತ್ತಿಗೆ ಪೂರ್ತಿ ಒಬ್ಬನದೇ ಆಗಿತ್ತಲ್ಲ! ರಾಜಧಾನಿ ಸಾಂಟೊ ಡೊಮಿಂಗೊಗೇ ತನ್ನ ಹೆಸರು ಇಟ್ಟುಕೊಂಡ. ಮನೆಗಳ ಗೋಡೆ ಮೇಲೆ ಒಂದು ಲೋಹದ ಫಲಕ: ‘ಈ ಮನೆಯಲ್ಲಿ ಟ್ರುಹಿಯೊನೇ ಯಜಮಾನ.’ ನಮ್ಮದೇ ಮನೆ, ನಮ್ಮದೇ ಗೋಡೆ, ಯಜಮಾನ ಮಾತ್ರ ಬೇರೆಯವನು. ಗೂಢಚಾರರ ಫೋಕ್ಸ್‌ವ್ಯಾಗನ್ ಬೀಟಲ್ ಬೀದಿಗೆ ಬಂದರೆ ಎಲ್ಲರ ಬಾಯಿ ಬಂದ್. ಆ ಫಲಕದ ಕೆಳಗೆ ಊಟ ಮಾಡಿ ಬೆಳೆದವರು ಮಕ್ಕಳಿಗೆ ಏನು ಕಲಿಸುತ್ತಾರೆ? ಊರ ಉಸಾಬರಿ ನಿನಗ್ಯಾಕೆ ಅಂತ ತಾನೇ.

ಅವನನ್ನು ಗುಂಡಿಟ್ಟು ಕೊಂದಮೇಲೂ ಅವನ ಕಡೆಯವನೇ ಆದ ಬಾಲಗೇರ್ ಬಿಟ್ಟು ಬಿಟ್ಟು 1996ರವರೆಗೆ ಅಧ್ಯಕ್ಷ. 1937ರಲ್ಲಿ ಪಕ್ಕದ ದೇಶ ಹೈಟಿಯ ಮೂಲದ ಸಾವಿರಾರು ಜನರನ್ನು ಕೊಲ್ಲಿಸಿದ್ದ ಟ್ರುಹಿಯೊ. 2013ರಲ್ಲಿ ಕೋರ್ಟ್ ತೀರ್ಪೊಂದು ಅಲ್ಲೇ ಹುಟ್ಟಿದ ಹೈಟಿ ಮೂಲದ ಸಾವಿರಾರು ಜನರ ಪೌರತ್ವ ಕಿತ್ತುಕೊಂಡಿತು. ಎರಡಕ್ಕೂ ಸಂಬಂಧ ಇಲ್ಲ ಅಂದರೆ ನಾನಂತೂ ನಂಬಲ್ಲ.

ಹಾಗಂತ ಎಲ್ಲರೂ ಅಜ್ಜನ ಥರ ಅಲ್ಲ. ಟ್ರುಹಿಯೊ ಗೌರವಕ್ಕೆ ಎಬ್ಬಿಸಿದ ಒಬೆಲಿಸ್ಕ್ (ಎತ್ತರದ ಸ್ಮಾರಕ ಕಂಬ) ಮೇಲೆ, ಎದುರು ನಿಂತಿದ್ದಕ್ಕೆ ಅವನು ಕೊಲ್ಲಿಸಿದ ಮಿರಬಾಲ್ ಸೋದರಿಯರ ಚಿತ್ರ ಬರೆದಿದ್ದಾರೆ. ಅವನನ್ನು ಹೊಗಳುವುದಕ್ಕೆ 1962ರಲ್ಲೇ ನಿಷೇಧ ತಂದರು. ಆದರೂ ಮೊಮ್ಮಗ 2020ರ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಹೊರಟಿದ್ದ. ಬಂಡವಾಳ ಏನು ಅಂತೀರಾ? ಅದೇ ಮನೆತನದ ಹೆಸರು!