ಆರೂವರೆ ಗಂಟೆ

ನನ್ನ ಕಾದಂಬರಿಯ ಹಸ್ತಪ್ರತಿಯಲ್ಲಿ ಒತ್ತಕ್ಷರ ಬಿದ್ದುಹೋಗಿದ್ದರೆ, ದೀರ್ಘ ತಪ್ಪಿದ್ದರೆ ಸಂಪಾದಕರು ತೋರಿಸುತ್ತಾರೆ, ತಿದ್ದಿ ಅಚ್ಚುಮನೆಗೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಕುಂದಾಪುರದ ಕಡೆಯ ಹುಡುಗನೊಬ್ಬ ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಕಥೆ ಅದು. ಹುಡುಗ ನಾನೇ, ಮುಖಪುಟದಲ್ಲಿ ಮಾತ್ರ ಕಾದಂಬರಿ ಎಂದಿರಬೇಕು. ಪ್ರಕಾಶಕರ ಉತ್ತರಕ್ಕೆ ಕಾಯುವ ವಯಸ್ಸು ನನ್ನದಲ್ಲ, ಹಾಗಾಗಿ ಸ್ವಂತ ಖರ್ಚಿನಲ್ಲಿ ಮುನ್ನೂರು ಪ್ರತಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ. ಸಂಪಾದಕರು ಹಾಗೆ ಸಿಗುವುದಿಲ್ಲ.

ಮಗಳ ಹಟಕ್ಕೆ ಮಣಿದು ಮೈಸೂರಿನ ಒಬ್ಬ ಸಂಪಾದಕಿಗೆ ಹಸ್ತಪ್ರತಿ ಕಳಿಸಿದೆ. ಪದಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಅದು ಚುಚ್ಚಿತು: ನನ್ನ ಬೆಳದಿಂಗಳು, ತಂಗಾಳಿಗಳನ್ನೆಲ್ಲ ದುಡ್ಡು ಕೊಟ್ಟು ಓದಿಸುತ್ತಿದ್ದೇನೆ!

ಐದು ವಾರಗಳ ಮೇಲೆ ಒಂಬತ್ತು ಪುಟದ ಪತ್ರ ಬಂತು. ಮನೆಯಲ್ಲಿ ಓದಿದರೆ ಮಗಳು ನನ್ನ ಮುಖವನ್ನೇ ನೋಡುತ್ತಾಳೆ. ಡೊಂಬಿವಲಿ ಸ್ಟೇಷನ್ ಬಳಿ ಪ್ರಿಂಟ್ ತೆಗೆಸಿ, ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದೆ. ಉಡುಪಿ ಹೋಟೆಲೊಂದರ ಮೂಲೆಯ ಮೇಜು, ಒಂದು ಕಾಫಿ.

ಮೊದಲ ಪುಟದಲ್ಲಿ ಹೊಗಳಿಕೆ ಇತ್ತು. ಏನೆಂದು ಈಗ ನೆನಪಿಲ್ಲ. ಎರಡನೆಯದರಲ್ಲಿ ಮೊದಲ ಮೂರು ಅಧ್ಯಾಯಗಳಿಗೆ ಕತ್ತರಿ. 'ಹುಡುಗ ಮುಂಬಯಿಗೆ ಇಳಿಯುವುದು 49ನೆಯ ಪುಟದಲ್ಲಿ. ಕಥೆ ಶುರುವಾಗುವುದೂ ಅಲ್ಲೇ.' ಮಳೆ, ಹೊಳೆ, ಅಜ್ಜಿ ಎಲ್ಲ ಹೊರಗೆ. ನನ್ನೊಳಗಿನ ಲೇಖಕ ಕುದಿಯುತ್ತಿದ್ದರೆ ಗುಮಾಸ್ತ ಆಗಲೇ ಲೆಕ್ಕ ಹಾಕಿ ಮುಗಿಸಿದ್ದ: ಅಚ್ಚಿನಲ್ಲಿ ಹದಿನಾರು ಪುಟಕ್ಕೊಂದು ಫಾರಂ, ಮೂರು ಫಾರಂ ಕಾಗದ ಉಳಿತಾಯ.

ಆರನೆಯ ಪುಟದಲ್ಲಿ ನಾಲ್ಕೇ ಸಾಲು. 'ಹುಡುಗ ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ದುಡಿಯುತ್ತಾನೆ. ಕ್ರೂರಿ ಯಜಮಾನ ಅವನನ್ನು ಕೂರಲೂ ಬಿಡುವುದಿಲ್ಲ. ಆದರೆ ರಾತ್ರಿಶಾಲೆಯ ಹಾಜರಿಯಲ್ಲಿ ಅವನೇ ಮೊದಲಿಗ. ಯಾವ ಹೊತ್ತಿನಲ್ಲಿ ಹೋದ?'

ಇದನ್ನು ಅಚ್ಚಿನ ತಪ್ಪೆಂದು ಮುದ್ರಾರಾಕ್ಷಸನ ತಲೆಗೆ ಕಟ್ಟುವಂತಿರಲಿಲ್ಲ. ಆ ಅಧ್ಯಾಯವನ್ನು ಗೆಳೆಯರ ಮುಂದೆ ಎರಡು ಸಲ ಓದಿದ್ದೇನೆ. ಅವರೂ ಕಣ್ಣೊರೆಸಿಕೊಂಡಿದ್ದರು, ನಾನೂ. ಯಾರೂ ಗಡಿಯಾರ ನೋಡಿರಲಿಲ್ಲ.

ನಡೆದದ್ದು ಬೇರೆ. ಸಂಜೆ ಆರೂವರೆಗೆ, ಹೋಟೆಲು ಗಿಜಿಗುಡುವ ಹೊತ್ತಿಗೇ, ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ 'ಹೊತ್ತಾಯಿತು, ಕೈ ತೊಳೆದುಕೋ' ಎನ್ನುತ್ತಿದ್ದರು. ಬೈಗುಳ ನಿಜ, ಸಂಬಳ ಕಡಿಮೆ ಎಂಬುದೂ ನಿಜ. ಆದರೆ ಆ ಆರೂವರೆ ತಪ್ಪಿದ್ದು ನೆನಪಿಲ್ಲ. ಅವರನ್ನು ರಾಕ್ಷಸನನ್ನಾಗಿ ಮಾಡದಿದ್ದರೆ ನನ್ನ ಹುಡುಗನಿಗೆ ಓದುಗರ ಕಣ್ಣೀರು ಸಾಲದು ಎಂದು ನನಗೆ ಅನ್ನಿಸಿತ್ತು.

ನನ್ನ ಹೆಗಲ ಮೇಲಿನ ಒದ್ದೆ ಬಟ್ಟೆಯನ್ನು ತೆಗೆದು ಅವರು ಇನ್ನೊಬ್ಬ ಹುಡುಗನತ್ತ ಎಸೆಯುತ್ತಿದ್ದರು. ನನಗಿಂತ ಚಿಕ್ಕವನು. ಆರೂವರೆಯಿಂದ ಹನ್ನೊಂದರವರೆಗೆ ನನ್ನ ಪಾಲಿನ ಲೋಟಗಳನ್ನು ತೊಳೆದವನು ಅವನು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇನ್ನೂರ ಇಪ್ಪತ್ತನಾಲ್ಕು ಪುಟಗಳಲ್ಲಿ ಅವನ ಹೆಸರು ಒಮ್ಮೆಯೂ ಬಂದಿಲ್ಲ. ಕಾಫಿ ಮುಗಿದರೂ ಆ ಹೆಸರಿಗಾಗಿ ತಡಕಾಡುತ್ತ ಕೂತೆ. ಕೊನೆಗೊಂದು 'ಗೋ' ಇತ್ತು. ಅಷ್ಟೇ ಸಿಕ್ಕಿತು.

ಅಂದು ರಾತ್ರಿ ಸಂಪಾದಕಿಗೆ ಉತ್ತರ ಬರೆದೆ. ಯಜಮಾನರ ಅಧ್ಯಾಯ ಪೂರ್ತಿ ಹೊಸದಾಗಿ ಬರೆಯುತ್ತೇನೆ, ಹುಡುಗರು ಇಬ್ಬರಾಗುತ್ತಾರೆ, ಮಳೆ ಹೊಳೆಗಳನ್ನು ಬಿಡುತ್ತೇನೆ ಎಂದೆ. ಅಜ್ಜಿಯ ವಿಷಯದಲ್ಲಿ ಮಾತ್ರ ನಮ್ಮ ಜಗಳ ಇನ್ನೂ ನಡೆದಿದೆ.